ಯಾರೂ ಬಳಸದ ಹತ್ತೊಂಬತ್ತು ಚೌಕಗಳು

"ಗುರುಗಳೇ, ಹಳೆಯದನ್ನು ಎಲ್ಲಿಯವರೆಗೆ ಹೊರಬೇಕು?" ಎಂದು ಮಂದಾಕಿನಿ ಕೇಳಿದಳು.

ಗುರು ಸಂಗನಬಸಯ್ಯನವರು ಒಂದು ಕಾಲಕ್ಕೆ ಗಣಿತ ಕಲಿಸುತ್ತಿದ್ದರು, ಹಾಡನ್ನೂ ಕಲಿಸುತ್ತಿದ್ದರು. ಈಗ ಎರಡನ್ನೂ ಬಿಟ್ಟು, ಬಂದವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತ ಕೂರುತ್ತಿದ್ದರು. ಮಂದಾಕಿನಿ ಅವರಲ್ಲಿ ಎರಡನ್ನೂ ಕಲಿತವಳು. ಸಂಗೀತ ಕಟ್ಟುವ ಒಂದು ಮುಕ್ತ ತಂತ್ರಾಂಶವನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಆರಂಭದಲ್ಲಿ ಜೊತೆಗೆ ನಾಲ್ವರಿದ್ದರು. ಈಗ ಅವಳೊಬ್ಬಳೇ.

"ಒಂದೇ ಬೇರಿನಿಂದ ಬಂದ ಕವಲುಗಳು ಮೂರಾಗಿವೆ," ಎಂದಳು. "ಒಂದರಲ್ಲಿ ಕಟ್ಟಿದ್ದು ಇನ್ನೊಂದರಲ್ಲಿ ತೆರೆಯುವುದಿಲ್ಲ. ತೆರೆದರೂ ಹಾಗೆಯೇ ನುಡಿಯುವುದಿಲ್ಲ. ಹೊಸದೊಂದು ಸೇರಿಸಿದರೆ ಹಳೆಯದೊಂದು ಒಡೆಯುತ್ತದೆ. ಎಲ್ಲರೂ ನನಗೇ ಬರೆಯುತ್ತಾರೆ. ಮುಂದಿನ ಆವೃತ್ತಿಯಲ್ಲಿ ಹಳೆಯದನ್ನೆಲ್ಲ ತೆಗೆದುಬಿಡುತ್ತೇನೆ. ನನಗೆ ಸಾಕಾಗಿದೆ."

ಗುರುಗಳು ಅವಳ ಮುಖ ನೋಡಿದರು. ಬೇಡ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಒಂದು ಕತೆ ಹೇಳತೊಡಗಿದರು.

ಒಬ್ಬ ಪಾಲಕನಿದ್ದ. ಅವನು ಪಾಲಿಸುತ್ತಿದ್ದದ್ದೂ ಇಂಥದೇ ತಂತ್ರಾಂಶ. ಅದರಲ್ಲಿ ಸ್ವರಲಿಪಿ ಬರೆಯುವ ಕ್ರಮವಿಲ್ಲ. ಪರದೆಯ ಮೇಲೆ ಚೌಕಗಳನ್ನು ಇಡಬೇಕು. ಒಂದು ಚೌಕ ನಾದವನ್ನು ಹುಟ್ಟಿಸುತ್ತದೆ, ಒಂದು ಅದನ್ನು ಏರಿಸಿ ಇಳಿಸುತ್ತದೆ, ಒಂದು ಹಾಡುವವರ ಸ್ವರವನ್ನು ಗುರುತಿಸುತ್ತದೆ. ಚೌಕದಿಂದ ಚೌಕಕ್ಕೆ ಗೆರೆ ಎಳೆದರೆ ಒಂದು ಹೇಳಿದ್ದು ಇನ್ನೊಂದಕ್ಕೆ ಮುಟ್ಟುತ್ತದೆ. ಎಲ್ಲವನ್ನೂ ಸರಿಯಾಗಿ ಜೋಡಿಸಿದರೆ ಅದು ಹಾಡುತ್ತದೆ.

ಆ ತಂತ್ರಾಂಶಕ್ಕೆ ಒಡೆಯರಿರಲಿಲ್ಲ. ಯಾರು ಬೇಕಾದರೂ ಪ್ರತಿ ತೆಗೆದುಕೊಂಡು ತಿದ್ದಬಹುದಿತ್ತು. ತಿದ್ದಿದರು. ಹೀಗಾಗಿ ಅದು ಕವಲೊಡೆಯಿತು. ಮೂಲವನ್ನು ಒಬ್ಬ ಹಿರಿಯ ನೋಡಿಕೊಳ್ಳುತ್ತಿದ್ದ. ಅವನು ನಿಧಾನಿ. ವರ್ಷಕ್ಕೆ ಒಂದು ಚೌಕ ಸೇರಿಸಿದರೆ ಹೆಚ್ಚು. ಆ ನಿಧಾನವನ್ನು ತಾಳಲಾರದೆ ಕೆಲವರು ಎರಡನೆಯ ಕವಲನ್ನು ಮಾಡಿದರು. ತಮಗೆ ಬೇಕೆನಿಸಿದ ಚೌಕಗಳನ್ನೆಲ್ಲ ಅದರಲ್ಲಿ ತುಂಬಿದರು. ಜನ ಅದನ್ನು ತುಂಬು ಆವೃತ್ತಿ ಎಂದು ಕರೆದರು. ಹತ್ತು ವರ್ಷ ಎಲ್ಲರೂ ಅದರಲ್ಲೇ ಕೃತಿಗಳನ್ನು ಕಟ್ಟಿದರು. ಆಮೇಲೆ ಅದನ್ನು ಮಾಡಿದವರು ಒಬ್ಬೊಬ್ಬರಾಗಿ ದಣಿದರು. ಒಬ್ಬನಿಗೆ ಮಕ್ಕಳಾದವು. ಒಬ್ಬಳಿಗೆ ಕಣ್ಣು ಮಂಜಾಯಿತು. ಒಬ್ಬ ಯಾರಿಗೂ ಹೇಳದೆ ಹೋದ. ತುಂಬು ಆವೃತ್ತಿ ನಿಂತುಹೋಯಿತು.

ನಿಂತದ್ದನ್ನು ನಮ್ಮ ಪಾಲಕ ಎತ್ತಿಕೊಂಡ. ಹೊಸ ಕಂಪ್ಯೂಟರುಗಳಲ್ಲಿ ಓಡುವಂತೆ ಅದನ್ನು ತಿದ್ದಿದ. ನೋಡುವುದಕ್ಕೆ ಚೆನ್ನಾಗಿರಲಿ ಎಂದು ಅದರ ಮುಖವನ್ನೇ ಬದಲಾಯಿಸಿದ. ಅದು ಮೂರನೆಯ ಕವಲು. ಅವನು ಪಿಟೀಲು ನುಡಿಸುತ್ತಿದ್ದವನು. ಪಿಟೀಲಿನ ಮೇಲಿನ ಆಸೆಯಿಂದಲೇ ಈ ಕೆಲಸಕ್ಕೆ ಕೈ ಹಾಕಿದ್ದ. ಈಗ ಪಿಟೀಲು ಮುಟ್ಟಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಎದ್ದರೆ ಪತ್ರಗಳು. ನನ್ನ ಕೃತಿ ನಿಮ್ಮದರಲ್ಲಿ ತೆರೆಯುವುದಿಲ್ಲ ಎಂದು ಒಬ್ಬರು. ನಿಮ್ಮದರಲ್ಲಿ ಮಾಡಿದ್ದು ಮೂಲದಲ್ಲಿ ತೆರೆಯುವುದಿಲ್ಲ ಎಂದು ಇನ್ನೊಬ್ಬರು. ಮೊದಮೊದಲು ಅವನು ಪ್ರತಿಯೊಂದಕ್ಕೂ ಉದ್ದವಾಗಿ ಉತ್ತರ ಬರೆದ. ಆಮೇಲೆ ಎರಡು ಸಾಲು ಬರೆದ. ಕೊನೆಕೊನೆಗೆ ಪತ್ರವನ್ನು ತೆರೆಯುವ ಮೊದಲೇ ಅವನ ಹೆಗಲು ನೋಯತೊಡಗುತ್ತಿತ್ತು.

ತುಂಬು ಆವೃತ್ತಿಯಿಂದ ಬಂದ ಚೌಕಗಳಲ್ಲಿ ಹತ್ತೊಂಬತ್ತು ಅವನನ್ನು ಬಹಳ ಕಾಡಿದವು. ಕಂಪ್ಯೂಟರು ಬದಲಾದಾಗಲೆಲ್ಲ ಅವು ಕೆಡುತ್ತಿದ್ದವು. ಒಂದನ್ನು ರಿಪೇರಿ ಮಾಡಿದರೆ ಇನ್ನೊಂದು ಬೀಳುತ್ತಿತ್ತು. ಬರೆದವರು ಇರಲಿಲ್ಲ. ಏಕೆ ಹಾಗೆ ಬರೆದರು ಎಂದು ಹೇಳುವವರೂ ಇರಲಿಲ್ಲ. ಅವನು ಆ ಹತ್ತೊಂಬತ್ತರ ಹೆಸರು ಪಟ್ಟಿ ಮಾಡಿದ. ಇವುಗಳನ್ನು ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ ಎಂದು ತಂತ್ರಾಂಶ ಬಳಸುವ ಬಳಗದವರಿಗೆಲ್ಲ ಬರೆದ. ಮೂರು ತಿಂಗಳು ಕಾದ. ಪರದೆಯ ಬಣ್ಣ ಚೆನ್ನಾಗಿಲ್ಲ ಎಂದು ಒಬ್ಬ ಬರೆದ. ಬೇರೆ ಯಾರೂ ಬರೆಯಲಿಲ್ಲ. ಅವನು ಹತ್ತೊಂಬತ್ತನ್ನೂ ತೆಗೆದ. ಬದಲಾವಣೆಗಳ ಪಟ್ಟಿಯಲ್ಲಿ, ಯಾರೂ ಬಳಸುತ್ತಿಲ್ಲ ಎಂದು ಕಾರಣ ಬರೆದ. ಅಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವನು ಸಂಜೆ ಎದ್ದ. ಅಷ್ಟು ನಿರಾಳವಾದ ನಿದ್ದೆ ಅವನಿಗೆ ಬಹಳ ದಿನದಿಂದ ಬಂದಿರಲಿಲ್ಲ.

ಎರಡು ವರ್ಷಗಳಾದವು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಅವನ ಮನೆ ಹುಡುಕಿಕೊಂಡು ಬಂದಳು. ನೇಕಾರರ ಊರಿನವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಮಗುವನ್ನು ಹೊತ್ತ ಹಾಗೆ ಎದೆಗೆ ಒತ್ತಿಕೊಂಡಿದ್ದಳು. ತಂತ್ರಾಂಶ ತೆರೆದಾಗ ಮೊದಲ ಪುಟದಲ್ಲಿ ಪಾಲಕನ ಹೆಸರೂ ಊರೂ ಕಾಣುತ್ತಿದ್ದವು. ಅವಳ ಊರಿನ ಶಾಲೆಯ ಶಿಕ್ಷಕಿಯೊಬ್ಬರು ಅದನ್ನು ಓದಿ, ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅವಳ ಹೆಸರು ನೀಲವ್ವ.

ಅವಳು ಗಂಟನ್ನು ಮೇಜಿನ ಮೇಲಿಟ್ಟು ಹೇಳಿದಳು: "ಅಣ್ಣಾರ, ಇದರಾಗ ನಮ್ಮ ಮನೆಯವರ ಮಾತು ಅದಾವ್ರಿ. ತೆಗೆದುಕೊಡ್ರಿ."

ಪಾಲಕನಿಗೆ ತಿಳಿಯಲಿಲ್ಲ. ಅವಳು ಕೂತು ಎಲ್ಲವನ್ನೂ ಹೇಳಿದಳು.

ಅವಳ ಗಂಡ ನೇಕಾರ. ಆರು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಯಾರು ಏನು ಹೇಳಿದರೂ ಅವನಿಗೆ ತಿಳಿಯುತ್ತಿತ್ತು. ಹೇಳಬೇಕಾದದ್ದು ಒಳಗೇ ಇರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನೀರು ಬೇಕೆಂದರೂ ಬರಿಯ ಸದ್ದು. ಒಂದು ದಿನ ಓಣಿಯಲ್ಲಿ ಭಜನೆ ನಡೆಯುತ್ತಿತ್ತು. ಗೋಡೆಗೆ ಒರಗಿ ಕೂತಿದ್ದವನು ಅದರ ಜೊತೆ ಹಾಡಿದ. ಒಂದು ಅಕ್ಷರವೂ ತಪ್ಪದೆ ಹಾಡಿದ. ಹಾಡು ಮುಗಿದ ಮೇಲೆ ಮತ್ತೆ ಮೂಕನಾದ. ಇಂಥವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಮಾತಿನ ದಾರಿಯಲ್ಲಿ ಬರದದ್ದು ಹಾಡಿನ ದಾರಿಯಲ್ಲಿ ಬರುತ್ತದೆ ಎಂದು ವೈದ್ಯರು ಹೇಳಿದರು.

ಊರಿನ ಶಾಲೆಯಲ್ಲಿ ಒಬ್ಬ ಸಂಗೀತದ ಮಾಸ್ತರರಿದ್ದರು. ಅವರಿಗೆ ಈ ಸುದ್ದಿ ಮುಟ್ಟಿತು. ತುಂಬು ಆವೃತ್ತಿಯಲ್ಲಿ ಕೃತಿ ಕಟ್ಟುವುದು ಅವರಿಗೆ ಬರುತ್ತಿತ್ತು. ನಾಲ್ಕು ತಿಂಗಳು ದಿನಾ ಸಂಜೆ ನೇಕಾರನ ಮನೆಗೆ ಬಂದು ಕೂತರು. ಒಬ್ಬ ಮನುಷ್ಯನಿಗೆ ದಿನ ಕಳೆಯಲು ಬೇಕಾಗುವ ನಲವತ್ತು ಮಾತುಗಳನ್ನು ಆರಿಸಿದರು. ನೀರು ಬೇಕು. ಬಾಗಿಲು ತೆಗೆ. ನೋವಾಗುತ್ತಿದೆ. ನೂಲು ಕಡಿದಿದೆ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ? ಇಂಥವು. ಒಂದೊಂದಕ್ಕೂ ಒಂದೊಂದು ಪುಟ್ಟ ರಾಗ ಹೊಂದಿಸಿದರು. ನೀಲವ್ವನಿಂದಲೇ ಹಾಡಿಸಿ ಕಂಪ್ಯೂಟರಿನಲ್ಲಿ ಇಟ್ಟರು. ನೇಕಾರ ಮೈಕಿನ ಮುಂದೆ ಮೊದಲ ಎರಡು ಸ್ವರ ಗುನುಗಿದರೆ ಸಾಕು. ಯಾವ ಮಾತು ಎಂದು ಅದು ಗುರುತಿಸಿ ಪೂರ್ತಿ ಹಾಡುತ್ತಿತ್ತು. ಅವನು ಆ ಹಾಡನ್ನು ಹಿಡಿದುಕೊಂಡು ತಾನೂ ಹೇಳುತ್ತಿದ್ದ. ಕಟ್ಟಕಡೆಯದಾಗಿ, ನಲವತ್ತನೆಯ ಮಾತಾಗಿ, ಮಾಸ್ತರರು ನೀಲವ್ವನ ಹೆಸರನ್ನು ಸೇರಿಸಿದ್ದರು.

ಒಂದು ವರ್ಷ ದಿನವೂ ಅಭ್ಯಾಸ ನಡೆಯಿತು. ನೇಕಾರ ಕಂಪ್ಯೂಟರಿನ ಆಸರೆಯಿಲ್ಲದೆಯೂ ಹಲವು ಮಾತು ಹಾಡತೊಡಗಿದ. ಎರಡನೆಯ ವರ್ಷ ಮಗ್ಗದ ಪಕ್ಕ ಕೂತು ಹೆಂಡತಿಯ ನೇಯ್ಗೆಯಲ್ಲಿ ತಪ್ಪು ತೋರಿಸುವಷ್ಟಾದ. ಆಮೇಲೆ ಮಾಸ್ತರರು ಜ್ವರ ಬಂದು ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ ಕಂಪ್ಯೂಟರು ಸುಟ್ಟಿತು. ಅಂಗಡಿಯವನು ಫೈಲುಗಳನ್ನು ಉಳಿಸಿ ಹೊಸ ಕಂಪ್ಯೂಟರಿಗೆ ಹಾಕಿದ. ತುಂಬು ಆವೃತ್ತಿ ಅದರಲ್ಲಿ ಏಳಲೇ ಇಲ್ಲ. ಈಗ ಸಿಗುವುದು ಇದು ಎಂದು ಮೂರನೆಯ ಕವಲನ್ನು ಹಾಕಿಕೊಟ್ಟ. ಕೃತಿ ತೆರೆಯಲಿಲ್ಲ. ಅಭ್ಯಾಸ ನಿಂತಿತು. ನೇಕಾರನ ಮಾತುಗಳು ಒಂದೊಂದಾಗಿ ಉದುರಿದವು. ಎಂಟು ತಿಂಗಳಾಗಿತ್ತು.

ಪಾಲಕ ಫೈಲನ್ನು ತೆರೆದ. ಮಾಸ್ತರರು ಇನ್ನೂರಕ್ಕೂ ಹೆಚ್ಚು ಚೌಕಗಳನ್ನು ಜೋಡಿಸಿದ್ದರು. ಅವುಗಳಲ್ಲಿ ಏಳರ ಅಂಚು ಮಾತ್ರ ತುಂಡುತುಂಡಾಗಿ ಕಾಣುತ್ತಿತ್ತು. ತಂತ್ರಾಂಶಕ್ಕೆ ಗುರುತು ಸಿಗದ ಚೌಕಗಳು ಹಾಗೆ ಕಾಣುತ್ತವೆ. ಅವನು ಏಳರ ಹೆಸರನ್ನೂ ಓದಿದ. ಏಳೂ ಆ ಹತ್ತೊಂಬತ್ತರೊಳಗಿನವು.

ತೆಗೆದವನು ತಾನೆಂದು ಅವನು ಅವಳಿಗೆ ಹೇಳಲಿಲ್ಲ. ಸರಿ ಮಾಡಿಕೊಂಡು ನಾನೇ ಬರುತ್ತೇನೆ ಎಂದಷ್ಟೇ ಹೇಳಿ ಕಳಿಸಿದ. ಅವಳು ಖಾಲಿ ಸೀರೆಯನ್ನು ಮಡಚಿಕೊಂಡು ಹೋದಳು.

ತೆಗೆದದ್ದನ್ನು ಮತ್ತೆ ಸೇರಿಸುವುದು ತೆಗೆದಷ್ಟು ಸುಲಭವಾಗಿರಲಿಲ್ಲ. ಎರಡು ವರ್ಷದಲ್ಲಿ ಸುತ್ತಲಿನದೆಲ್ಲ ಬದಲಾಗಿತ್ತು. ಒಂಬತ್ತು ದಿನ ಹಿಡಿಯಿತು. ಬೇರೆಯವರ ಪತ್ರಗಳು ಉತ್ತರವಿಲ್ಲದೆ ಉಳಿದವು. ಹತ್ತನೆಯ ದಿನ ಎಲ್ಲ ಚೌಕಗಳೂ ಪೂರ್ತಿ ಅಂಚಿನೊಡನೆ ತೆರೆದುಕೊಂಡವು. ಅವನು ಕಂಪ್ಯೂಟರು ಹಿಡಿದು ಬಸ್ಸು ಹತ್ತಿದ.

ನೇಕಾರನ ಮನೆಯಲ್ಲಿ ಮಗ್ಗದ ಮುಂದೆ ಈಗ ನೀಲವ್ವ ಕೂರುತ್ತಿದ್ದಳು. ನೇಕಾರ ಹಾಸಿಗೆಯ ಮೇಲಿದ್ದ. ಕಂಪ್ಯೂಟರನ್ನು ಕಂಡು ಅವನ ಎಡಗೈ ಮೇಲೆದ್ದಿತು. ಹೆಂಡತಿ ಮೈಕನ್ನು ಬಾಯಿಯ ಹತ್ತಿರ ಇಟ್ಟಳು. ಅವನು ನೀರಿನ ಎರಡು ಸ್ವರ ಗುನುಗಿದ. ಏನೂ ಕೇಳಿಸಲಿಲ್ಲ. ಬಾಗಿಲಿನ ಎರಡು ಸ್ವರ ಗುನುಗಿದ. ನೀರು ಬೇಕು ಎಂದು ಅದು ಹಾಡಿತು. ಅವನು ಹುಬ್ಬು ಗಂಟಿಕ್ಕಿದ. ನೋವಾಗುತ್ತಿದೆ ಎಂಬುದರ ಸ್ವರ ಗುನುಗಿದ. ಬಾಗಿಲು ತೆಗೆ ಎಂದು ಹಾಡಿತು. ಹೀಗೆ ಏಳೆಂಟು ಸಲ. ಕೇಳಿದ್ದೊಂದು, ಬಂದದ್ದು ಹಿಂದಿನದರ ಉತ್ತರ. ಹೆಂಡತಿಯ ದನಿ ಅವನ ಬಾಯಿಗೆ ತಪ್ಪು ಮಾತುಗಳನ್ನು ಇಡುತ್ತಿತ್ತು. ಅವನು ಎಡಗೈಯಿಂದ ಮೈಕನ್ನು ತಳ್ಳಿದ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ನೀಲವ್ವ ಬಗ್ಗಿ ಮೈಕನ್ನು ಎತ್ತಿ, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

ಪಾಲಕ ಮನೆಗೆ ಬಂದು ನಾಲ್ಕು ದಿನ ಹುಡುಕಿದ. ಒಂದೊಂದು ಚೌಕವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ. ಪ್ರತಿಯೊಂದೂ ಸರಿಯಾಗಿತ್ತು. ಎಲ್ಲ ಕೂಡಿದರೆ ತಪ್ಪಾಗುತ್ತಿತ್ತು. ಐದನೆಯ ದಿನ ಅವನು ಕೆಲಸ ನಿಲ್ಲಿಸಿ ಸುಮ್ಮನೆ ಕೂತ. ಇದನ್ನು ಹೇಳಬಲ್ಲವನು ಒಬ್ಬನೇ ಇದ್ದ, ಮೂಲವನ್ನು ನೋಡಿಕೊಳ್ಳುತ್ತಿದ್ದ ಹಿರಿಯ. ಅವರಿಬ್ಬರಿಗೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ನಿಮ್ಮ ನಿಧಾನವೇ ಇದನ್ನು ಕೊಲ್ಲುತ್ತದೆ ಎಂದು ಪಾಲಕ ಎಲ್ಲರ ಮುಂದೆ ಹೇಳಿದ್ದ. ಇನ್ನೊಬ್ಬರು ಕಟ್ಟಿದ ಮನೆಗೆ ಸುಣ್ಣ ಬಳಿದು ಯಜಮಾನನೆನಿಸಿಕೊಳ್ಳುವವನು ನೀನು ಎಂದು ಹಿರಿಯ ಹೇಳಿದ್ದ. ಅಷ್ಟೇ. ಎರಡು ಮಾತಿಗೆ ಏಳು ವರ್ಷ.

ಅವನು ಹಿರಿಯನ ಮನೆಗೆ ಹೋದ. ಹಿರಿಯ ಬಾಗಿಲು ತೆಗೆದು, ಯಾರೆಂದು ನೋಡಿ, ಒಳಗೆ ಬಾ ಎಂದ. ಅವನೂ ಮುದುಕನಾಗಿದ್ದ. ಅವನ ಮೇಜಿನ ಮೇಲೂ ಉತ್ತರ ಬರೆಯದ ಪತ್ರಗಳಿದ್ದವು. ಪಾಲಕ ನಡೆದದ್ದನ್ನೆಲ್ಲ ಹೇಳಿದ. ತನ್ನ ಕೈಯಿಂದ ಆದದ್ದನ್ನೂ ಮುಚ್ಚಿಡಲಿಲ್ಲ. ಹಿರಿಯ ಬಹಳ ಹೊತ್ತು ಫೈಲನ್ನು ನೋಡಿದ.

"ಆ ಹೆಂಗಸು ನಿನಗಿಂತ ಮೊದಲು ನನ್ನ ಬಳಿ ಬಂದಿದ್ದಳು," ಎಂದ. "ಈ ಚೌಕಗಳು ನಮ್ಮವಲ್ಲ ಎಂದು ಹೇಳಿ ಕಳಿಸಿದೆ. ಸುಳ್ಳೇನೂ ಹೇಳಲಿಲ್ಲ, ನೋಡು."

ಪಾಲಕ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡ.

"ಗೆರೆಗಳನ್ನು ನೋಡು," ಎಂದ ಹಿರಿಯ. "ಸ್ವರ ಗುರುತಿಸುವ ಚೌಕದಿಂದ ಎರಡು ಗೆರೆ ಹೊರಟಿವೆ. ಒಂದು, ಯಾವ ಮಾತು ಎಂದು ನೆನಪಿಟ್ಟುಕೊಳ್ಳುವ ಚೌಕಕ್ಕೆ. ಇನ್ನೊಂದು, ಹಾಡು ಎಂದು ಅಪ್ಪಣೆ ಕೊಡುವ ಚೌಕಕ್ಕೆ. ನೆನಪಿಡುವ ಗೆರೆಯನ್ನು ಮಾಸ್ತರ ಮೊದಲು ಎಳೆದಿದ್ದಾನೆ. ನನ್ನದರಲ್ಲೂ ತುಂಬು ಆವೃತ್ತಿಯಲ್ಲೂ ಮೊದಲು ಎಳೆದದ್ದು ಮೊದಲು ಓಡುತ್ತದೆ. ನಿನ್ನದರಲ್ಲಿ?"

ಪಾಲಕನಿಗೆ ಆಗ ಹೊಳೆಯಿತು. ಗೆರೆಗಳು ಅಚ್ಚುಕಟ್ಟಾಗಿರಲಿ ಎಂದು, ಫೈಲನ್ನು ಓದುವಾಗ ಅವುಗಳನ್ನು ಎಡದಿಂದ ಬಲಕ್ಕೆ ಜೋಡಿಸಿಕೊಳ್ಳುವಂತೆ ಅವನೇ ಮಾಡಿದ್ದ. ಅಪ್ಪಣೆಯ ಗೆರೆ ಎಡಕ್ಕಿತ್ತು. ನೆನಪಿಡುವ ಮೊದಲೇ ಹಾಡು ಹೊರಡುತ್ತಿತ್ತು. ಅದಕ್ಕೇ ಪ್ರತಿ ಸಲವೂ ಹಿಂದಿನ ಮಾತು. ಆ ಬದಲಾವಣೆ ಮಾಡಿದಾಗ ಬಳಗದವರು ಅವನನ್ನು ಹೊಗಳಿದ್ದರು. ಅವನು ಆ ಹೊಗಳಿಕೆಯ ಪತ್ರವನ್ನು ಬಹಳ ದಿನ ಇಟ್ಟುಕೊಂಡಿದ್ದ.

"ಮಾಸ್ತರನೂ ಬರೆದಿಡಬೇಕಾಗಿತ್ತು," ಎಂದ ಹಿರಿಯ. "ಮೊದಲು ಇದು, ಆಮೇಲೆ ಅದು ಎಂದು ಹೇಳುವುದಕ್ಕೇ ಒಂದು ಚೌಕವಿದೆ. ಅವನು ಅದನ್ನು ಇಡಲಿಲ್ಲ. ತನಗೆ ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ?"

ಇಬ್ಬರೂ ಕೂತು ಆ ಚೌಕವನ್ನು ಇಟ್ಟರು. ಹಿರಿಯ ಚಹಾ ಮಾಡಿದ. ಹಳೆಯ ಮಾತು ಯಾರೂ ಎತ್ತಲಿಲ್ಲ. ಕ್ಷಮೆಯ ಮಾತೂ ಬರಲಿಲ್ಲ. ಇಬ್ಬರಿಗೂ ಅದಕ್ಕೆ ತ್ರಾಣವಿರಲಿಲ್ಲ.

ಪಾಲಕ ಮತ್ತೆ ನೇಕಾರರ ಊರಿಗೆ ಹೋದ. ಈ ಸಲ ನೇಕಾರ ಮೈಕಿನ ಕಡೆ ತಿರುಗಲೇ ಒಪ್ಪಲಿಲ್ಲ. ನೀಲವ್ವ ಒಂದು ಇಡೀ ದಿನ ಅವನನ್ನು ಒಲಿಸಿದಳು. ತಾನೇ ಗುನುಗಿ ತೋರಿಸಿದಳು. ನೀರಿನ ಸ್ವರಕ್ಕೆ ನೀರು, ಬಾಗಿಲಿನ ಸ್ವರಕ್ಕೆ ಬಾಗಿಲು ಬಂದದ್ದನ್ನು ಕೇಳಿದ ಮೇಲೆ ಅವನು ಮರುದಿನ ಬೆಳಿಗ್ಗೆ ತಿರುಗಿದ. ಗುನುಗಿದ. ಅದು ಹಾಡಿತು. ಅವನು ಆ ಹಾಡನ್ನು ಹಿಡಿದುಕೊಂಡ. ನೀರು ಬೇಕು ಎಂದ.

ಪಾಲಕ ಆ ಊರಿನಲ್ಲೇ ಎಂಟು ದಿನ ಉಳಿದ. ಕೃತಿ ಮಾಸ್ತರರ ಕಾಲದಲ್ಲಿ ಹೇಗೆ ನುಡಿಯುತ್ತಿತ್ತೋ ಹಾಗೆಯೇ ನುಡಿಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ನೇಕಾರ ಆಗಿನವನಾಗಿರಲಿಲ್ಲ. ಸುಮ್ಮನಿದ್ದ ಎಂಟು ತಿಂಗಳಲ್ಲಿ ಅವನ ಒಳಗಿನ ದಾರಿಗಳು ಮುಚ್ಚಿದ್ದವು. ಕೆಲವು ರಾಗಗಳನ್ನು ಅವನು ಗುನುಗಲಾರದೆ ಹೋದ. ಕೆಲವನ್ನು ಗುನುಗಿದ, ಮಾತು ಬರಲಿಲ್ಲ. ಎಂಟನೆಯ ದಿನಕ್ಕೆ ಹನ್ನೊಂದು ಮಾತು ಮರಳಿದ್ದವು. ಮನೆಗೆ ಬಂದು ನೋಡುತ್ತಿದ್ದ ವೈದ್ಯೆ, ಇನ್ನು ಹೆಚ್ಚು ಬರುವುದು ಕಷ್ಟ ಎಂದಳು.

ಮಾಸ್ತರರು ನಲವತ್ತು ಮಾತುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ನೀಲವ್ವ ಬಂದ ಮಾತುಗಳ ಮುಂದೆ ಕುಂಕುಮದಿಂದ ಗುರುತಿಟ್ಟಿದ್ದಳು. ಪಾಲಕ ಹೊರಡುವಾಗ ಅದನ್ನು ಓದಿದ. ನಲವತ್ತನೆಯದರ ಮುಂದೆ ಗುರುತಿರಲಿಲ್ಲ. ಗಂಡನ ಬಾಯಿಂದ ಅವಳು ಇನ್ನು ತನ್ನ ಹೆಸರನ್ನು ಕೇಳುವಂತಿರಲಿಲ್ಲ. ಅವಳು ಅದರ ವಿಷಯ ಒಂದು ಮಾತೂ ಆಡಿರಲಿಲ್ಲ.

ಪಾಲಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಳದೆ ಹೋಗಲೂ ಆಗಲಿಲ್ಲ.

"ಆ ಚೌಕಗಳನ್ನು ತೆಗೆದವನು ನಾನೇ, ತಾಯಿ," ಎಂದ. "ಯಾರೂ ಬಳಸುತ್ತಿಲ್ಲ ಎಂದುಕೊಂಡೆ."

ನೀಲವ್ವ ತಾಟಿಗೆ ರೊಟ್ಟಿ ಹಾಕುತ್ತಿದ್ದಳು. ಆಮೇಲೆ ಪಲ್ಯ ಬಡಿಸಿದಳು.

"ನಿಮಗ ಹೆಂಗ ಗೊತ್ತಾಗಬೇಕ್ರಿ ಅಣ್ಣಾರ," ಎಂದಳು. "ಹನ್ನೊಂದು ಬಂದಾವಲ್ರಿ. ಊಟ ಮಾಡ್ರಿ."

ಅವನು ಊಟ ಮಾಡಿದ.

ಊರಿಗೆ ಬಂದು ಉಳಿದ ಹನ್ನೆರಡು ಚೌಕಗಳನ್ನೂ ಹಿಂದಕ್ಕೆ ಸೇರಿಸಿದ. ಗೆರೆಗಳು ಎಳೆದ ಕ್ರಮದಲ್ಲೇ ಓಡುವಂತೆ ಮಾಡಿದ. ಹೊಸ ಆವೃತ್ತಿ ಹೊರಬಂದ ವಾರದಲ್ಲಿ ಪತ್ರಗಳು ಬಂದವು. ನಿಮ್ಮ ಎಡದಿಂದ ಬಲದ ಕ್ರಮವನ್ನು ನಂಬಿ ಎರಡು ವರ್ಷ ಕೃತಿ ಕಟ್ಟಿದ್ದೆವು, ಈಗ ನಮ್ಮದು ಒಡೆಯಿತು ಎಂದು ಹಲವರು ಬರೆದರು. ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಅವನು ಮತ್ತೆ ಕೂತ. ಪ್ರತಿ ಫೈಲೂ ತಾನು ಯಾವ ಕವಲಿನದು, ಯಾವ ವರ್ಷದ್ದು ಎಂದು ಮೊದಲ ಸಾಲಿನಲ್ಲೇ ಹೇಳುವಂತೆ, ಆ ಕವಲಿನ ಕ್ರಮದಲ್ಲೇ ಅದು ಓಡುವಂತೆ ಬರೆದ. ಮೂಲದ ಹಿರಿಯ ತನ್ನ ಕಡೆಯಲ್ಲೂ ಅದನ್ನೇ ಮಾಡಿದ. ಹೊರೆ ಮೊದಲಿಗಿಂತ ಹೆಚ್ಚಾಯಿತು. ಪಾಲಕನ ಹೆಗಲು ನೋಯುವುದು ನಿಲ್ಲಲಿಲ್ಲ. ಅವನಿಗೆ ಆ ಕೆಲಸದ ಮೇಲೆ ಮತ್ತೆ ಪ್ರೀತಿ ಹುಟ್ಟಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅವನು ದಣಿದೇ ಇದ್ದ. ಬೆಳಿಗ್ಗೆ ಎದ್ದು ಪತ್ರಗಳನ್ನು ತೆರೆಯುತ್ತಿದ್ದ, ಅಷ್ಟೇ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಹೇಳಿ ಅವರಿಗೂ ಆಯಾಸವಾಗಿತ್ತು. ಕಣ್ಣು ಮುಚ್ಚಿಕೊಂಡರು.

ಮಂದಾಕಿನಿ ನೆಲ ನೋಡುತ್ತ ಕೂತಿದ್ದಳು. ಆ ಪಾಲಕನ ಮೇಲೆ ಅವಳಿಗೆ ಮರುಕ ಹುಟ್ಟಿತ್ತು. ಅವನ ಪರವಾಗಿ ಯಾರಾದರೂ ಒಂದು ಮಾತು ಹೇಳಬೇಕು ಎನಿಸಿತು.

"ಅವನದೇನು ತಪ್ಪು ಗುರುಗಳೇ?" ಎಂದಳು. "ತೆಗೆಯುವ ಮೊದಲು ಅವನು ಕೇಳಿದ್ದನಲ್ಲ. ಮೂರು ತಿಂಗಳು ಕಾದಿದ್ದನಲ್ಲ."

ಗುರುಗಳು ಕಣ್ಣು ತೆರೆಯಲಿಲ್ಲ.

"ಕೇಳಿದ್ದ," ಎಂದರು, "ಬಾಯಿದ್ದವರನ್ನು."